ಬಾಯ್ದೆರೆದ ಮೀನು: ದೈತ್ಯ ಮೊರೇ ಹಾವುಮೀನಿನ ಪರಿಚಯ

ಕಳೆದ ತಿಂಗಳು ನಮ್ಮ ವಾಚನಾಲಯದ ಮೇಜಿನ ಮೇಲೆ ಒಂದು ಸಚಿತ್ರ ಮಾಸಪತ್ರಿಕೆ ಬಿದ್ದಿತ್ತು. ಅದರ ನಡುಪುಟದಲ್ಲಿ ಒಂದು ಬಣ್ಣದ ಚಿತ್ರ. ಹವಳದ ಬಂಡೆಯ ಬಿರುಕಿನಿಂದ ಗಂಡಾಳಿನ ತೊಡೆಯಷ್ಟು ದಪ್ಪದ ಪ್ರಾಣಿಯೊಂದು ತಲೆಯನ್ನು ಹೊರಗೆ ಚಾಚಿದೆ. ಬಾಯಿ ತೆರೆದಿದೆ. ಒಳಗೆ ಸೂಜಿಯಂತಹ ಹಲ್ಲುಗಳು. ಕಣ್ಣು ಚಿಕ್ಕದು, ರೆಪ್ಪೆಯಿಲ್ಲದ್ದು, ನೆಟ್ಟ ದೃಷ್ಟಿ. ಮೇಜಿನ ಸುತ್ತ ನಿಂತಿದ್ದ ನಾಲ್ಕೈದು ಜನರಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. "ಇದು ಸಮುದ್ರದ ಹಾವು, ಕಚ್ಚಿದರೆ ಮುಗಿಯಿತು" ಎಂದರು ಒಬ್ಬರು. "ಹಾವೇ ಇರಲಿ ಮೀನೇ ಇರಲಿ, ಎಷ್ಟು ಸಿಟ್ಟು ನೋಡಿ" ಎಂದರು ಮತ್ತೊಬ್ಬರು. ಹೋಟೆಲಿನಲ್ಲಿ ಕೆಲಸ ಮಾಡುವ ಕುಂದಾಪುರದ ಕಡೆಯ ತರುಣನೊಬ್ಬ ಮಾತ್ರ, "ಇದು ಹಾವಲ್ಲ ಮಾರಾಯ್ರೆ, ಹಾವುಮೀನು. ಆದರೆ ನಮ್ಮ ಊರಲ್ಲಿ ಬಲೆಗೆ ಬೀಳುವ ಜಾತಿ ಇದಲ್ಲ" ಎಂದ. ಕೊನೆಗೆ ಎಲ್ಲರೂ ನನ್ನ ಕಡೆಗೆ ತಿರುಗಿ, "ಮುಂದಿನ ಸಂಚಿಕೆಯಲ್ಲಿ ಇದರ ವಿಷಯ ಸ್ವಲ್ಪ ಬರೆಯಿರಿ" ಎಂದರು. ಈ ಪಾಠ ಹುಟ್ಟಿದ್ದು ಹೀಗೆ.

ಆ ದಿನ ಈ ಪ್ರಾಣಿಯ ಮೇಲೆ ಬಂದ ಆಪಾದನೆಗಳನ್ನು ನಾನು ಗುರುತು ಹಾಕಿಕೊಂಡೆ. ಇದು ಹಾವು, ಇದರ ಕಡಿತದಲ್ಲಿ ವಿಷ, ಬಾಯಿ ತೆರೆದಿರುವುದು ಸಿಟ್ಟಿನಿಂದ, ಇದು ಯಾರೊಡನೆಯೂ ಸೇರದ ಒಂಟಿ ಕೊಲೆಗಾರ. ಹೀಗೆ ನಾಲ್ಕು. ಓದಿ ನೋಡಿದಾಗ ನಾಲ್ಕೂ ನಿಲ್ಲುವುದಿಲ್ಲವೆಂದು ತಿಳಿಯಿತು. ಆದರೆ ಈ ಮೀನಿನಲ್ಲಿ ನಿಜವಾದ ಅಪಾಯವೊಂದುಂಟು. ಅದನ್ನು ಅಂದು ಯಾರೂ ಹೇಳಲಿಲ್ಲ. ಅದಿರುವುದು ಬಾಯಲ್ಲಲ್ಲ. ಅದನ್ನು ಪಾಠದ ಕೊನೆಯಲ್ಲಿ ಹೇಳುತ್ತೇನೆ. ಮೀನು ತಿನ್ನುವವರು ದಯವಿಟ್ಟು ಅಲ್ಲಿಯ ತನಕ ಓದಬೇಕು.

ಹೆಸರು ಮತ್ತು ಕುಲ

ಚಿತ್ರದಲ್ಲಿದ್ದದ್ದು ದೈತ್ಯ ಮೊರೇ ಎಂಬ ಹಾವುಮೀನು. ಮೊರೇ ಹಾವುಮೀನುಗಳಲ್ಲಿ ಸುಮಾರು 200 ಜಾತಿಗಳಿವೆ. ಎಲ್ಲವೂ ಮ್ಯುರೀನಿಡೀ ಎಂಬ ಒಂದೇ ಕುಟುಂಬಕ್ಕೆ ಸೇರಿದವು. ದೈತ್ಯ ಮೊರೇಯ ಶಾಸ್ತ್ರೀಯ ನಾಮ ಜಿಮ್ನೊಥೊರಾಕ್ಸ್ ಜಾವಾನಿಕಸ್. ಜಾವಾ ದ್ವೀಪದಲ್ಲಿ ಸಿಕ್ಕಿದ ಮೀನಿನಿಂದ 1859ರಲ್ಲಿ ಇದನ್ನು ವರ್ಣಿಸಿ ಹೆಸರಿಟ್ಟವನು ಪೀಟರ್ ಬ್ಲೀಕರ್. ಈತ ಅಲ್ಲಿಯ ಡಚ್ಚರ ಸೈನ್ಯದಲ್ಲಿ ವೈದ್ಯನಾಗಿದ್ದವನು. ಬಿಡುವಿನಲ್ಲಿ ಮೀನುಗಳನ್ನು ಅಭ್ಯಾಸ ಮಾಡುತ್ತ ಆ ಶಾಸ್ತ್ರದಲ್ಲಿ ದೊಡ್ಡ ಹೆಸರು ಪಡೆದ. ಹೆಸರಿನ ಮೊದಲ ಭಾಗ ಗ್ರೀಕ್ ಮಾತುಗಳಿಂದ ಆದದ್ದು, ಬರಿಯ ಎದೆ ಎಂದು ಅದರ ಅರ್ಥ. ಎದೆಯ ಬಳಿ ಇರಬೇಕಾದ ಈಜುರೆಕ್ಕೆಗಳು ಈ ಮೀನಿಗಿಲ್ಲ.

ಮುಂಬಯಿಯ ಮೀನುಪೇಟೆಯನ್ನು ಬಲ್ಲವರು ಅಲ್ಲಿ 'ವಾಮ್' ಎಂದು ಮಾರುವ ಉದ್ದ ಮೀನನ್ನು ನೋಡಿರುತ್ತಾರೆ. ಅದೂ ಹಾವುಮೀನೇ. ಆದರೆ ಅದರ ಕುಟುಂಬ ಬೇರೆ, ವಾಸವೂ ಬೇರೆ. ವಾಮ್ ಕೆಸರು ತಳದ ಸಮುದ್ರದ್ದು. ಮೊರೇ ಬಂಡೆಯದು, ಹವಳದ್ದು. ಇವೆರಡನ್ನೂ ಒಂದೇ ಎಂದು ತಿಳಿಯಬಾರದು.

ಹಾವೋ, ಮೀನೋ?

ಮೊದಲನೆಯ ಆಪಾದನೆಯನ್ನು ನೋಡೋಣ. ಮೊರೇ ಎಷ್ಟೇ ಹಾವಿನಂತೆ ಕಂಡರೂ ಅದು ಅಪ್ಪಟ ಮೀನು. ಕಿವಿರುಗಳಿಂದ ನೀರಿನಲ್ಲಿಯೇ ಉಸಿರಾಡುತ್ತದೆ. ತಲೆಯ ಹಿಂಬದಿಯಿಂದ ಆರಂಭವಾದ ಬೆನ್ನಿನ ಈಜುರೆಕ್ಕೆ ಒಂದೇ ಪಟ್ಟಿಯಾಗಿ ಬಾಲದ ತುದಿಯ ತನಕ ಹೋಗಿ, ಅಲ್ಲಿಂದ ಸುತ್ತಿಕೊಂಡು ಹೊಟ್ಟೆಯ ಕಡೆಗೆ ಬರುತ್ತದೆ. ಸೀರೆಗೆ ಅಂಚು ಹೊಲಿದಂತೆ ಈ ರೆಕ್ಕೆ ದೇಹವನ್ನು ಬಳಸಿರುತ್ತದೆ.

ಕಡಲಹಾವಿನ ಸಂಗತಿ ಬೇರೆ. ಅದು ನಿಜವಾದ ಹಾವು. ಅದಕ್ಕೆ ಕಿವಿರಿಲ್ಲ, ಶ್ವಾಸಕೋಶವುಂಟು. ಆದುದರಿಂದ ಆಗಾಗ್ಗೆ ನೀರಿನ ಮೇಲಕ್ಕೆ ಬಂದು ಗಾಳಿ ಎಳೆದುಕೊಳ್ಳಲೇಬೇಕು. ಅದರ ಮೈಮೇಲೆ ಹುರುಪೆಗಳಿರುತ್ತವೆ. ಬಾಲ ದೋಣಿಯ ಹುಟ್ಟಿನಂತೆ ಚಪ್ಪಟೆ. ಅದರ ಕಡಿತದಲ್ಲಿ ಘೋರವಾದ ವಿಷವಿರುತ್ತದೆ. ನಮ್ಮ ಕರಾವಳಿಯ ಬಲೆಗಳಲ್ಲಿಯೂ ಕಡಲಹಾವುಗಳು ಮೀನಿನೊಡನೆ ಸಿಕ್ಕಿಬೀಳುವುದುಂಟು. ಮೊರೇಯ ಮೈಮೇಲೆ ಹುರುಪೆಯಿಲ್ಲ. ದಪ್ಪನಾದ ನಯವಾದ ಚರ್ಮ, ಅದರ ಮೇಲೆ ಲೋಳೆಯ ಲೇಪ. ಒರಟು ಬಂಡೆಗಳ ನಡುವೆ ನುಸುಳುವಾಗ ಮೈ ತರಚದಂತೆ ಈ ಲೋಳೆ ಕಾಪಾಡುತ್ತದೆ.

ಎರಡನೆಯ ಆಪಾದನೆ, ಕಡಿತದಲ್ಲಿ ವಿಷವೆಂಬುದು. ಹಾವಿಗಿರುವಂತೆ ವಿಷವನ್ನು ಒಳಕ್ಕೆ ಇಳಿಸುವ ಟೊಳ್ಳು ಹಲ್ಲು ದೈತ್ಯ ಮೊರೇಗೆ ಇಲ್ಲ. ಹಾಗೆಂದು ಅದರ ಕಡಿತ ಹಗುರವಾದದ್ದಲ್ಲ. ಹಲ್ಲುಗಳು ಚೂಪಾಗಿ ಹಿಂದಕ್ಕೆ ಬಾಗಿರುವುದರಿಂದ ಕಚ್ಚಿಸಿಕೊಂಡವನು ಕೈ ಎಳೆದಷ್ಟೂ ಗಾಯ ಹರಿಯುತ್ತದೆ. ಬಾಯಿಯ ಕೊಳೆಯಿಂದ ಆ ಗಾಯ ಕೀವುಗಟ್ಟುತ್ತದೆ. ಇದಕ್ಕೆ ಮನೆಮದ್ದು ಸಾಲದು, ಆಸ್ಪತ್ರೆಗೇ ಹೋಗಬೇಕು.

ರೂಪ

ಪೂರ್ಣವಾಗಿ ಬೆಳೆದ ದೈತ್ಯ ಮೊರೇ 3 ಮೀಟರಿನವರೆಗೆ, ಅಂದರೆ ಹತ್ತು ಅಡಿಯಷ್ಟು ಉದ್ದವಾಗಬಹುದು. ತೂಕ 30 ಕಿಲೋಗ್ರಾಮಿನವರೆಗೆ ಬರಬಹುದು. ಉದ್ದದಲ್ಲಿ ಇದನ್ನು ಮೀರಿಸುವ ಸಪೂರ ಜಾತಿಯ ಮೊರೇ ಇನ್ನೊಂದಿದೆ. ಅದು ಸುಮಾರು 4 ಮೀಟರು ಉದ್ದಕ್ಕೆ ಬೆಳೆಯುತ್ತದೆ. ಆದರೆ ಮೈಕಟ್ಟಿನಲ್ಲಿ ದೈತ್ಯನೇ ದೊಡ್ಡವನು.

ಬಣ್ಣ ಕಂದು. ತಲೆಯ ಮೇಲೆ ಕಪ್ಪು ಚುಕ್ಕೆಗಳು. ತಲೆಯ ಹಿಂದೆ ಆ ಚುಕ್ಕೆಗಳು ಚಿರತೆಯ ಮೈಮೇಲಿನ ಮಚ್ಚೆಗಳಂತೆ ಆಗುತ್ತವೆ. ಕಿವಿರಿನ ರಂಧ್ರದ ಸುತ್ತ ಒಂದು ದೊಡ್ಡ ಕರಿಯ ಕಲೆ ಇರುತ್ತದೆ. ಈ ಜಾತಿಯನ್ನು ಗುರುತಿಸಲು ಅದೇ ಒಳ್ಳೆಯ ಲಕ್ಷಣ. ಮರಿಗಳ ಬಣ್ಣ ತಿಳಿಕಂದು, ಅದರ ಮೇಲೆ ದೊಡ್ಡ ಕಪ್ಪು ಚುಕ್ಕೆಗಳು.

ವಾಸಸ್ಥಳ

ಪಶ್ಚಿಮದಲ್ಲಿ ಕೆಂಪು ಸಮುದ್ರ ಮತ್ತು ಪೂರ್ವ ಆಫ್ರಿಕೆಯ ತೀರದಿಂದ ಹಿಡಿದು, ಪೂರ್ವದಲ್ಲಿ ಪೆಸಿಫಿಕ್ ಸಾಗರದ ಹವಾಯಿ ಮತ್ತು ಪಿಟ್ಕೇರ್ನ್ ದ್ವೀಪಗಳವರೆಗೆ. ಉತ್ತರದಲ್ಲಿ ಜಪಾನಿನ ರ್ಯೂಕ್ಯೂ ದ್ವೀಪಗಳಿಂದ ದಕ್ಷಿಣದಲ್ಲಿ ಆಸ್ಟ್ರೇಲಿಯದ ಮಹಾ ಹವಳ ದಿಬ್ಬದವರೆಗೆ ಈ ಮೀನು ವಾಸಿಸುತ್ತದೆ. ನಮ್ಮ ದೇಶದಲ್ಲಿ ಲಕ್ಷದ್ವೀಪ ಮತ್ತು ಅಂಡಮಾನಿನ ಹವಳದ ದಿಬ್ಬಗಳು ಇದಕ್ಕೆ ತಕ್ಕ ನೆಲೆ. ಕರ್ನಾಟಕದಲ್ಲಿ ಮುರ್ಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಸುತ್ತ ಹವಳವಿದ್ದು, ಅಲ್ಲಿ ಮುಳುಗಿ ನೋಡುವವರಿಗೆ ಮೊರೇ ಕುಟುಂಬದ ಮೀನುಗಳು ಕಾಣಸಿಗುತ್ತವೆ.

ದೊಡ್ಡ ಮೀನುಗಳು ಹವಳದ ದಿಬ್ಬದ ಒಳಗಿನ ಕೊಳಗಳಲ್ಲಿಯೂ ಹೊರಮೈಯ ಇಳಿಜಾರಿನಲ್ಲಿಯೂ, ಸುಮಾರು 50 ಮೀಟರು ಆಳದವರೆಗೆ ಇರುತ್ತವೆ. ಮರಿಗಳು ಇಳಿತದ ವೇಳೆ ಬತ್ತುವ ತೀರದ ಕಲ್ಲುಗಳ ಸಂದಿಯಲ್ಲಿ ಅಡಗಿರುತ್ತವೆ. ಹಗಲು ಬಹುಭಾಗ ಬಿಲದಲ್ಲಿ, ತಲೆ ಮಾತ್ರ ಹೊರಗೆ. ಚಾಳಿನ ಖೋಲಿಯಲ್ಲಿ ರಾತ್ರಿ ಪಾಳಿಯವನು ಹಗಲು ಬಾಗಿಲ ಬಳಿ ಕುಳಿತು ವಿಶ್ರಮಿಸುವ ಹಾಗೆ. ಕತ್ತಲಾದ ಮೇಲೆ ಬೇಟೆಗೆ ಹೊರಡುತ್ತದೆ. ಇದರ ದೃಷ್ಟಿ ಮಂದ, ಮೂಗು ಬಹು ಚುರುಕು. ಮೀನು, ಏಡಿ, ಅಷ್ಟಪದಿ ಮುಂತಾದುವೇ ಇದರ ಆಹಾರ.

ಬಾಯಿ ಏಕೆ ತೆರೆದಿದೆ?

ಈಗ ಮೂರನೆಯ ಆಪಾದನೆ. ನಮ್ಮ ಕೆರೆಯ ಮೀನನ್ನು ಗಮನಿಸಿ. ಅದರ ಕೆನ್ನೆಯ ಎರಡೂ ಕಡೆ ಗಟ್ಟಿಯಾದ ಮುಚ್ಚಳವಿರುತ್ತದೆ. ಮೀನು ಬಾಯಿಂದ ನೀರನ್ನು ಒಳಕ್ಕೆ ತೆಗೆದುಕೊಂಡು, ಆ ಮುಚ್ಚಳಗಳನ್ನು ತೆರೆದು ಮುಚ್ಚಿ ನೀರನ್ನು ಕಿವಿರುಗಳ ಮೂಲಕ ಹಾಯಿಸುತ್ತದೆ. ನೀರಿನಲ್ಲಿ ಕರಗಿದ ಆಮ್ಲಜನಕ ಅಲ್ಲಿ ರಕ್ತಕ್ಕೆ ಸೇರುತ್ತದೆ. ಅದೇ ಮೀನಿನ ಉಸಿರು.

ಮೊರೇಗೆ ಅಂತಹ ಅಗಲವಾದ ಮುಚ್ಚಳವಿಲ್ಲ. ತಲೆಯ ಹಿಂದೆ ಎರಡೂ ಪಕ್ಕದಲ್ಲಿ ಒಂದೊಂದು ಚಿಕ್ಕ ದುಂಡು ರಂಧ್ರ, ಅಷ್ಟೆ. ಆದುದರಿಂದ ನೀರನ್ನು ತಳ್ಳುವ ಕೆಲಸದ ದೊಡ್ಡ ಪಾಲು ಬಾಯಿಯ ಮೇಲೆ ಬಿದ್ದಿದೆ. ಬಾಯಿ ತೆರೆಯುವುದು, ಮುಚ್ಚುವುದು, ಮತ್ತೆ ತೆರೆಯುವುದು, ಹೀಗೆ ಹಗಲಿರುಳೂ ಬಿಡದೆ ನಡೆಯುತ್ತಿರಬೇಕು. ಗಳಿಗೆ ಹೊತ್ತು ನಿಂತು ನೋಡಿದವರಿಗೆ, ನಿದ್ರಿಸುವ ಮಗುವಿನ ಎದೆಯಂತೆ ಅದರ ಕೆಳದವಡೆ ಒಂದೇ ಲಯದಲ್ಲಿ ಏರಿಳಿಯುವುದು ಕಾಣುತ್ತದೆ. ಚಿತ್ರ ತೆಗೆಯುವವನು ಬಾಯಿ ತೆರೆದ ಕ್ಷಣವನ್ನೇ ಹಿಡಿಯುತ್ತಾನೆ. ಮುಚ್ಚಿದ ಕ್ಷಣದ ಚಿತ್ರ ಪತ್ರಿಕೆಗೆ ಬೇಕಾಗಿಲ್ಲ. ಹೀಗೆ ನಾವು ಸಿಟ್ಟೆಂದು ತಿಳಿದದ್ದು ಬರಿಯ ಉಸಿರು.

ಕೆಣಕಿದಾಗ ಮೊರೇ ಬಾಯನ್ನು ಇನ್ನೂ ಅಗಲಿಸಿ ಹೆದರಿಸುವುದೂ ಉಂಟು. ಬಿಲದೊಳಗೆ ಕೈ ಹಾಕಿದರೆ ಕಚ್ಚುತ್ತದೆ. ಪ್ರವಾಸಿಗಳನ್ನು ಮೆಚ್ಚಿಸಲು ಕೆಲವು ಕಡೆ ಕೈಯಿಂದ ಮೀನಿನ ತುಂಡು ತಿನ್ನಿಸುವ ಚಾಳಿ ಹುಟ್ಟಿತು. ಮಂದದೃಷ್ಟಿಯ ಈ ಪ್ರಾಣಿಗೆ ಮೀನಿನ ವಾಸನೆ ಹತ್ತಿದ ಬೆರಳೂ ಮೀನಿನ ತುಂಡೂ ಒಂದೇ. ಬೆರಳು ಕಳೆದುಕೊಂಡವರೂ ಇದ್ದಾರೆ. ದೂರದಲ್ಲಿ ನಿಂತು ನೋಡಿದವರ ಗೊಡವೆಗೆ ಅದು ಸಾಮಾನ್ಯವಾಗಿ ಬರುವುದಿಲ್ಲ.

ಗಂಟಲೊಳಗಿನ ಎರಡನೆಯ ದವಡೆ

ಬಾಯಿಯ ಮಾತು ಬಂದಾಗ ಅದರೊಳಗಿನ ಒಂದು ಆಶ್ಚರ್ಯವನ್ನು ಹೇಳಲೇಬೇಕು. ಸಾಮಾನ್ಯ ಮೀನುಗಳು ಬೇಟೆ ಎದುರಾದೊಡನೆ ಬಾಯಿಯ ಒಳಭಾಗವನ್ನು ಥಟ್ಟನೆ ಹಿಗ್ಗಿಸುತ್ತವೆ. ಆಗ ನೀರು ರಭಸದಿಂದ ಒಳಕ್ಕೆ ನುಗ್ಗಿ ಬೇಟೆಯನ್ನೂ ಎಳೆದು ತರುತ್ತದೆ. ಆದರೆ ಮೊರೇ ಇರುವುದು ಇಕ್ಕಟ್ಟಿನ ಬಿರುಕಿನಲ್ಲಿ. ಇದರ ತಲೆ ಸಪೂರ. ಹೀಗೆ ಹಿಗ್ಗಿಸಿ ಹೀರುವ ಶಕ್ತಿ ಇದಕ್ಕೆ ತೀರ ಕಡಮೆ. ಹಾಗಾದರೆ ಹಿಡಿದ ದೊಡ್ಡ ಮೀನನ್ನು ನುಂಗುವುದು ಹೇಗೆ?

ಈ ಪ್ರಶ್ನೆಗೆ ಉತ್ತರ ದೊರೆತದ್ದು 2007ರಲ್ಲಿ. ಅಮೆರಿಕೆಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯಲ್ಲಿ ರೀಟಾ ಮೆಹ್ತಾ ಮತ್ತು ಪೀಟರ್ ವೇನ್‌ರೈಟ್ ಎಂಬ ಸಂಶೋಧಕರು ಮೊರೇ ಕುಟುಂಬದ ಮತ್ತೊಂದು ಜಾತಿಯನ್ನು ತೊಟ್ಟಿಯಲ್ಲಿ ಸಾಕಿ, ಅದು ತಿನ್ನುವುದನ್ನು ಅತಿವೇಗದ ಚಲನಚಿತ್ರದಲ್ಲಿ ಹಿಡಿದರು. ಮುಂದವಡೆ ಬೇಟೆಯನ್ನು ಕಚ್ಚಿ ಹಿಡಿದೊಡನೆ, ಗಂಟಲಿನ ಒಳಗಿನಿಂದ ಎರಡನೆಯ ಜೊತೆ ದವಡೆಗಳು ಮುಂದಕ್ಕೆ ಬಾಯಿಯೊಳಕ್ಕೆ ಬಂದು, ಬೇಟೆಯನ್ನು ಕೊಕ್ಕೆಹಲ್ಲುಗಳಿಂದ ಹಿಡಿದು ಹಿಂದಕ್ಕೆ ಎಳೆದುಕೊಂಡು ಹೋದವು.

ಗಂಟಲಲ್ಲಿ ಹಲ್ಲಿರುವುದು ಹೊಸತಲ್ಲ. ಎಷ್ಟೋ ಮೀನುಗಳಿಗೆ ಅರೆಯಲು, ನುಂಗಲು ಗಂಟಲ ಹಲ್ಲುಗಳಿವೆ. ಆದರೆ ಅವು ತಮ್ಮ ಸ್ಥಳದಲ್ಲಿಯೇ ಇರುತ್ತವೆ. ಮೊರೇಯ ಗಂಟಲ ದವಡೆ ತಲೆಬುರುಡೆಯ ಹಿಂದಿನಿಂದ ಬಾಯಿಗೆ ಬಂದು ಹೋಗುತ್ತದೆ. ನಮ್ಮ ಹಳ್ಳಿಯ ಬಾವಿಯಲ್ಲಿ ಕೊಡ ಬಿದ್ದರೆ ಪಾತಾಳಗರಡಿ ಇಳಿಬಿಟ್ಟು ಕೊಕ್ಕೆಗೆ ಸಿಕ್ಕಿಸಿ ಎಳೆಯುತ್ತೇವಲ್ಲ, ಹೆಚ್ಚು ಕಡಮೆ ಅದೇ ಉಪಾಯ. ಹಾವೂ ದೊಡ್ಡ ಬೇಟೆಯನ್ನು ನುಂಗುತ್ತದೆ. ಆದರೆ ಅದು ಮೇಲುದವಡೆಯ ಎಡಬಲಗಳನ್ನು ಒಂದಾದ ಮೇಲೊಂದು ಮುಂದಿಡುತ್ತ ಬೇಟೆಯ ಮೇಲೆ ನಡೆದುಹೋಗುತ್ತದೆ. ರೂಪ ಒಂದೇ ಬಗೆಯಾದರೂ ನುಂಗುವ ದಾರಿ ಬೇರೆ.

ನುಂಗಲಾರದಷ್ಟು ದೊಡ್ಡ ಬೇಟೆ ಸಿಕ್ಕಿದರೆ ಮೊರೇಗಳು ಬಾಲದಿಂದ ಗಂಟು ಹಾಕಿ, ಆ ಗಂಟನ್ನು ಮೈಯುದ್ದಕ್ಕೂ ತಲೆಯ ಕಡೆಗೆ ಸರಿಸುತ್ತವೆ. ಗಂಟು ಬೇಟೆಗೆ ಒತ್ತಿದಾಗ ಕಚ್ಚಿದ ಭಾಗ ಹರಿದು ಬರುತ್ತದೆ. ಇದೇ ಮೆಹ್ತಾ ಅವರು ತಮ್ಮ ಜೊತೆಗಾರರೊಂದಿಗೆ 2021ರಲ್ಲಿ ಪ್ರಕಟಿಸಿದ ಅಭ್ಯಾಸದಲ್ಲಿ, ಏಡಿ ತಿನ್ನುವ ಒಂದು ಚಿಕ್ಕ ಜಾತಿಯ ಮೊರೇ ನೀರಿನಿಂದ ದಡಕ್ಕೆ ಬಂದು ಅಲ್ಲಿಯೇ ಆಹಾರವನ್ನು ನುಂಗಬಲ್ಲದೆಂದು ತೋರಿಸಿಕೊಟ್ಟರು. ಹೀರುವುದಕ್ಕೆ ನೀರು ಬೇಕು. ಗಂಟಲ ದವಡೆಗೆ ನೀರಿನ ಹಂಗಿಲ್ಲ.

ಬೇಟೆಯ ಜೊತೆಗಾರ

ನಾಲ್ಕನೆಯದು, ಇದು ಒಂಟಿ ಕೊಲೆಗಾರನೆಂಬ ಮಾತು. ಮೊರೇ ಒಂದೊಂದೇ ವಾಸಿಸುವುದು ಸಾಮಾನ್ಯ. ಆದರೆ ದೈತ್ಯ ಮೊರೇ ಬೇರೆ ಜಾತಿಯ ಮೀನಿನೊಡನೆ ಕೂಡಿ ಬೇಟೆಯಾಡುವುದೆಂದು 2006ರಲ್ಲಿ ಪ್ರಕಟವಾದ ಒಂದು ವರದಿ ತಿಳಿಸಿತು. ರೆಡುವಾನ್ ಬ್ಶಾರಿ ಮತ್ತು ಅವರ ಸಂಗಡಿಗರು ಕೆಂಪು ಸಮುದ್ರದಲ್ಲಿ ಮುಳುಗಿ, ಬಹು ತಾಳ್ಮೆಯಿಂದ ಈ ಮೀನುಗಳನ್ನು ಹಿಂಬಾಲಿಸಿ ಕಂಡುಕೊಂಡ ಸಂಗತಿ ಇದು.

ಅಲ್ಲಿ ಗ್ರೂಪರ್ ಎಂಬ, ದಪ್ಪ ತುಟಿಯ ದೊಡ್ಡ ಮೀನೊಂದಿದೆ. ಅದು ಹಗಲಿನ ಬೇಟೆಗಾರ, ತೆರೆದ ನೀರಿನಲ್ಲಿ ಚುರುಕು. ಆದರೆ ಬೆನ್ನಟ್ಟಿದ ಚಿಕ್ಕ ಮೀನು ಹವಳದ ಬಿರುಕಿಗೆ ನುಗ್ಗಿತೆಂದರೆ ಅದರ ಆಟ ಮುಗಿಯಿತು. ಅಷ್ಟು ದಪ್ಪ ಮೈ ಅಲ್ಲಿ ಹಿಡಿಸದು. ಆಗ ಗ್ರೂಪರ್ ಮೊರೇಯ ಬಿಲವನ್ನು ಹುಡುಕಿಕೊಂಡು ಹೋಗಿ, ಅದರ ಮುಖದ ಬಳಿಯಲ್ಲಿ ತನ್ನ ತಲೆಯನ್ನು ಬೇಗಬೇಗನೆ ಅಲ್ಲಾಡಿಸುತ್ತದೆ. ಎಷ್ಟೋ ವೇಳೆ ಮೊರೇ ಬಿಲ ಬಿಟ್ಟು ಅದರೊಡನೆ ಹೊರಡುತ್ತದೆ. ಎರಡೂ ಜೊತೆಜೊತೆಯಾಗಿ ದಿಬ್ಬದ ಮೇಲೆ ಈಜುತ್ತವೆ. ಮೊರೇ ಬಿರುಕಿನೊಳಕ್ಕೆ ನುಗ್ಗುತ್ತದೆ; ಗ್ರೂಪರ್ ಹೊರಗೆ ಕಾಯುತ್ತದೆ. ಒಳಗಿನ ಮೀನು ಅಲ್ಲಿಯೇ ನಿಂತರೆ ಮೊರೇಗೆ, ಹೊರಗೆ ಓಡಿದರೆ ಗ್ರೂಪರ್‌ಗೆ. ಕೂಡಿ ಬೇಟೆಯಾಡಿದಾಗ ಒಂಟಿಯಾಗಿದ್ದಾಗಿಗಿಂತ ಇಬ್ಬರಿಗೂ ಹೆಚ್ಚು ದೊರೆಯುತ್ತದೆಂದು ಸಂಶೋಧಕರು ಕಂಡರು. ಸಿಕ್ಕಿದವರು ಇಡಿಯಾಗಿ ನುಂಗಿಬಿಡುವುದರಿಂದ ಪಾಲಿನ ಜಗಳಕ್ಕೆ ಎಡೆಯೇ ಇಲ್ಲ.

2013ರಲ್ಲಿ ಇದಕ್ಕೆ ಇನ್ನೊಂದು ಸಂಗತಿ ಸೇರಿತು. ಬೇಟೆ ಅಡಗಿದ ಸ್ಥಳದ ಮೇಲೆ ಗ್ರೂಪರ್ ತಲೆ ಕೆಳಗಾಗಿ ನಿಂತು, 'ಇಲ್ಲಿದೆ' ಎಂದು ತೋರಿಸುವಂತೆ ಸನ್ನೆ ಮಾಡುತ್ತದೆಂದು ಬ್ಶಾರಿ ಮತ್ತು ಬೇರೆ ಇಬ್ಬರು ಸಂಗಡಿಗರು ವರದಿ ಮಾಡಿದರು. ಭಾಷೆಯಿಲ್ಲದ ಎರಡು ಜಾತಿಗಳು, ಒಂದು ಹಗಲಿನದು, ಇನ್ನೊಂದು ರಾತ್ರಿಯದು, ಕೆಲಸದ ಮಟ್ಟಿಗೆ ಒಂದಾಗುತ್ತವೆ.

ಬೇಟೆಯಿಲ್ಲದ ಹೊತ್ತಿನಲ್ಲಿ ಇದರ ಬಾಯಿಗೆ ಬರುವ ಅತಿಥಿಗಳೂ ಇದ್ದಾರೆ. ಬೆರಳುದ್ದದ, ನೀಲಿ ಪಟ್ಟೆಯ ಒಂದು ಮೀನು ಹವಳದ ದಿಬ್ಬದಲ್ಲಿ ಒಂದು ನೆಲೆ ಮಾಡಿಕೊಂಡು, ಬಂದ ಮೀನುಗಳ ಮೈಮೇಲಿನ ಹುಳುಗಳನ್ನೂ ಸತ್ತ ಚರ್ಮವನ್ನೂ ಕಿತ್ತು ತಿನ್ನುತ್ತದೆ. ಕೆಲವು ಜಾತಿಯ ಸಿಗಡಿಗಳದೂ ಇದೇ ಉದ್ಯೋಗ. ನಮ್ಮ ಬೀದಿಯ ಕ್ಷೌರದಂಗಡಿಗೆ ಹೋದಂತೆ ಮೊರೇ ಅಲ್ಲಿಗೆ ಹೋಗಿ ಬಾಯಿ ತೆರೆದು ಸುಮ್ಮನಿರುತ್ತದೆ. ಆ ಪುಟ್ಟ ಪ್ರಾಣಿಗಳು ಅದೇ ಸೂಜಿಹಲ್ಲುಗಳ ನಡುವೆ ಓಡಾಡಿ, ಕೆಲಸ ಮುಗಿಸಿ, ಹೊರಗೆ ಬರುತ್ತವೆ.

ಹುಟ್ಟು

ಮೊರೇ ಮೊಟ್ಟೆಗಳನ್ನು ತೆರೆದ ನೀರಿನಲ್ಲಿ ಬಿಡುತ್ತದೆ, ಕಾಯುವುದಿಲ್ಲ. ಮೊಟ್ಟೆಯಿಂದ ಬರುವ ಮರಿಗೂ ತಾಯಿಗೂ ಹೋಲಿಕೆಯೇ ಇಲ್ಲ. ಎಲೆಯಂತೆ ಚಪ್ಪಟೆ, ಗಾಜಿನಂತೆ ಪಾರದರ್ಶಕ, ತಲೆ ತೀರ ಚಿಕ್ಕದು. ಶಾಸ್ತ್ರಜ್ಞರು ಈ ಅವಸ್ಥೆಗೆ ಲೆಪ್ಟೊಸೆಫಲಸ್ ಎನ್ನುತ್ತಾರೆ. ಹಾವುಮೀನುಗಳ ಮರಿಗಳೆಲ್ಲ ಈ ಬಗೆಯವೇ. ಈ ಎಲೆಮರಿ ತಿಂಗಳುಗಟ್ಟಲೆ ಸಾಗರದ ಪ್ರವಾಹದಲ್ಲಿ ತೇಲಿ, ಹುಟ್ಟಿದ ಸ್ಥಳದಿಂದ ಬಹು ದೂರ ಹೋಗಿ, ಎಲ್ಲಿಯೋ ಒಂದು ಹವಳದ ದಂಡೆಗೆ ಹತ್ತಿ, ಅಲ್ಲಿ ರೂಪ ಬದಲಿಸಿ ಹಾವುಮೀನಾಗುತ್ತದೆ. ಆಫ್ರಿಕೆಯಿಂದ ಹವಾಯಿಯವರೆಗೆ ಒಂದೇ ಜಾತಿ ಹರಡಿಕೊಳ್ಳಲು ಈ ತೇಲುವ ಬಾಲ್ಯ ನೆರವಾಗಿದೆ.

ರೋಮಿನ ಒಂದು ಸಂಗತಿ

ಮೊರೇಯ ಕೆಟ್ಟ ಹೆಸರು ಇಂದಿನದಲ್ಲ. ದೈತ್ಯ ಮೊರೇಯ ಬಂಧುವಾದ ಇನ್ನೊಂದು ಜಾತಿ ಮೆಡಿಟರೇನಿಯನ್ ಸಮುದ್ರದಲ್ಲಿದೆ. ಪ್ರಾಚೀನ ರೋಮಿನ ಸಿರಿವಂತರು ಅದನ್ನು ತಮ್ಮ ಮನೆಯ ಕೊಳಗಳಲ್ಲಿ ಸಾಕುತ್ತಿದ್ದರು. ಅಂತಹವರಲ್ಲಿ ಒಬ್ಬ ವೇಡಿಯಸ್ ಪೊಲಿಯೊ, ಚಕ್ರವರ್ತಿ ಆಗಸ್ಟಸನ ಪರಿಚಿತ, ಕ್ರಿ.ಪೂ. 15ರಲ್ಲಿ ಸತ್ತವನು. ಈತ ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಮನೆತನದಲ್ಲಿ ಹುಟ್ಟಿದವನು. ಇವನ ಮನೆಯಲ್ಲಿ ನಡೆದ ಸಂಗತಿಯನ್ನು ತತ್ತ್ವಜ್ಞಾನಿ ಸೆನೆಕ ಬರೆದಿಟ್ಟಿದ್ದಾನೆ.

ಆಗಸ್ಟಸ್ ಅತಿಥಿಯಾಗಿ ಬಂದಿದ್ದ ದಿನ ಒಬ್ಬ ಗುಲಾಮ ಹುಡುಗನ ಕೈಜಾರಿ ಒಂದು ಸ್ಫಟಿಕದ ಪಾತ್ರೆ ಒಡೆಯಿತು. ಅವನನ್ನು ಕೊಳದ ಮೊರೇಗಳಿಗೆ ಎಸೆಯಿರೆಂದು ಯಜಮಾನನ ಅಪ್ಪಣೆಯಾಯಿತು. ಹುಡುಗ ತಪ್ಪಿಸಿಕೊಂಡು ಬಂದು ಚಕ್ರವರ್ತಿಯ ಕಾಲಿಗೆ ಬಿದ್ದ. ಅವನು ಬೇಡಿದ್ದು ಪ್ರಾಣವನ್ನಲ್ಲ. ಬೇರೆ ಯಾವುದಾದರೂ ರೀತಿಯ ಸಾವನ್ನು. ಆಗಸ್ಟಸ್ ಅವನನ್ನು ಬಿಡಿಸಿ, ಮನೆಯಲ್ಲಿದ್ದ ಸ್ಫಟಿಕದ ಪಾತ್ರೆಗಳನ್ನೆಲ್ಲ ತನ್ನ ಕಣ್ಣೆದುರಿಗೇ ಒಡೆಸಿ, ಆ ಕೊಳವನ್ನು ಮುಚ್ಚಿಸಿದನು.

ಈ ಕಥೆ ಓದಿದವರಿಗೆ ನೆನಪಿನಲ್ಲಿ ಉಳಿಯುವುದು ಮೀನಿನ ಹಲ್ಲು. ಆದರೆ ಮೀನು ತಾನು ಹುಟ್ಟಿದ ರೀತಿಯಲ್ಲಿ ಬಾಯಿ ತೆರೆದು ಉಸಿರಾಡುತ್ತ ಕೊಳದಲ್ಲಿತ್ತು. ಒಂದು ಪಾತ್ರೆಗೆ ಒಂದು ಜೀವ ಎಂದು ಲೆಕ್ಕ ಹಾಕಿದವನು ದಡದ ಮೇಲಿದ್ದ.

ನಿಜವಾದ ಅಪಾಯ

ಇನ್ನು ಅಂದು ಯಾರೂ ಹೇಳದ ಅಪಾಯ. ದೈತ್ಯ ಮೊರೇಯನ್ನು ತಿನ್ನಬಾರದು. ಇದರ ಮಾಂಸದಲ್ಲಿ, ಅದಕ್ಕಿಂತ ಹೆಚ್ಚಾಗಿ ಪಿತ್ತಜನಕಾಂಗ ಮತ್ತು ಕರುಳಿನಲ್ಲಿ, ಸಿಗ್ವಟಾಕ್ಸಿನ್ ಎಂಬ ವಿಷ ಕೂಡಿರಬಹುದು.

ಈ ವಿಷವನ್ನು ಮೊರೇ ತಾನಾಗಿ ತಯಾರಿಸುವುದಿಲ್ಲ. ಹವಳದ ಮೇಲೂ ಪಾಚಿಯ ಮೇಲೂ ಬೆಳೆಯುವ ಗ್ಯಾಂಬಿಯರ್‌ಡಿಸ್ಕಸ್ ಎಂಬ, ಬರಿಗಣ್ಣಿಗೆ ಕಾಣದ ಜೀವಿಯೇ ಇದರ ಮೂಲ. ಪಾಚಿ ಮೇಯುವ ಚಿಕ್ಕ ಮೀನುಗಳು ಅದನ್ನು ನುಂಗುತ್ತವೆ. ಅವನ್ನು ದೊಡ್ಡ ಮೀನುಗಳು ತಿನ್ನುತ್ತವೆ. ಆ ದೊಡ್ಡವನ್ನು ಮತ್ತೂ ದೊಡ್ಡವು ತಿನ್ನುತ್ತವೆ. ಪ್ರತಿ ಮೆಟ್ಟಿಲಿನಲ್ಲಿಯೂ ವಿಷ ಶೇಖರವಾಗುತ್ತ, ಬಡ್ಡಿಗೆ ಬಡ್ಡಿ ಸೇರಿದ ಸಾಲದಂತೆ, ಕೊನೆಯವನ ಮೈಯಲ್ಲಿ ಬಹಳವಾಗುತ್ತದೆ. ಹವಳದ ದಿಬ್ಬದಲ್ಲಿ ಕೊನೆಯ ಮೆಟ್ಟಿಲಿನವನು ದೈತ್ಯ ಮೊರೇ. ಮೀನಿಗೆ ಇದರಿಂದ ಬಾಧೆ ಕಾಣುವುದಿಲ್ಲ. ತಿಂದ ಮನುಷ್ಯನಿಗೆ ಬಾಧೆ.

ಇದರ ಪ್ರಮಾಣವೆಷ್ಟು ಸೂಕ್ಷ್ಮವೆಂಬುದಕ್ಕೆ ಒಂದು ಲೆಕ್ಕ ಕೇಳಿ. 1967ರಲ್ಲಿ ಹವಾಯಿಯ ಪಾಲ್ ಶೋಯರ್ ಮತ್ತು ಅವರ ಸಂಗಡಿಗರು ಈ ವಿಷವನ್ನು ದೈತ್ಯ ಮೊರೇಯಿಂದಲೇ ಬೇರ್ಪಡಿಸಿದರು. 1989ರಲ್ಲಿ ಜಪಾನಿನ ಮುರಾತಾ, ಯಸುಮೊತೊ ಮೊದಲಾದವರು ಅದರ ರಚನೆಯನ್ನು ಕಂಡುಹಿಡಿದರು. ಅದಕ್ಕಾಗಿ ಸುಮಾರು 4000 ಕಿಲೋಗ್ರಾಮ್ ಮೊರೇ ಮೀನುಗಳ ಕರುಳನ್ನು ಸಂಸ್ಕರಿಸಬೇಕಾಯಿತು. ಅಷ್ಟರಿಂದ ದೊರೆತ ಶುದ್ಧ ವಿಷ 0.35 ಮಿಲಿಗ್ರಾಮ್, ಅಂದರೆ ಒಂದು ಗ್ರಾಮಿನ ಸುಮಾರು ಮೂರು ಸಾವಿರದ ಒಂದು ಪಾಲು. ಇಷ್ಟು ಅಲ್ಪವಾದ ವಸ್ತು ಮನುಷ್ಯನನ್ನು ಹಾಸಿಗೆ ಹಿಡಿಸುತ್ತದೆ.

ಈ ವಿಷಕ್ಕೆ ವಾಸನೆಯಿಲ್ಲ, ರುಚಿಯಿಲ್ಲ. ಬೇಯಿಸಿದರೆ ಹೋಗುವುದಿಲ್ಲ, ಹುರಿದರೆ ಹೋಗುವುದಿಲ್ಲ, ಉಪ್ಪು ಹಾಕಿ ಒಣಗಿಸಿದರೂ ಮಂಜುಗಡ್ಡೆಯಲ್ಲಿಟ್ಟರೂ ಹೋಗುವುದಿಲ್ಲ. ಬೆಳ್ಳಿಯ ನಾಣ್ಯ ಕಪ್ಪಾಗುವುದೇ, ನೊಣ ಕೂರುವುದೇ ಎಂದು ಪರೀಕ್ಷಿಸುವ ಪದ್ಧತಿ ಕೆಲವು ದ್ವೀಪಗಳಲ್ಲಿ ಉಂಟು, ಅದನ್ನು ನಂಬಬಾರದು. ಮೀನು ಹಳಸಿದುದರಿಂದ ಬರುವ ಕಾಯಿಲೆ ಇದಲ್ಲ. ಆಗತಾನೆ ಹಿಡಿದ ಮೀನಿನಲ್ಲಿಯೂ ವಿಷವಿರಬಹುದು.

ತಿಂದ ಕೆಲವು ಗಂಟೆಗಳಲ್ಲಿ, ಸಾಮಾನ್ಯವಾಗಿ ಒಂದು ದಿನದೊಳಗೆ, ವಾಂತಿ ಭೇದಿಗಳು ತೊಡಗುತ್ತವೆ. ತುಟಿ, ಕೈ, ಕಾಲುಗಳಲ್ಲಿ ಜುಮುಜುಮು ಎನ್ನುತ್ತದೆ. ಕೆಲವರಿಗೆ ನಾಡಿ ನಿಧಾನವಾಗುತ್ತದೆ. ಒಂದು ವಿಚಿತ್ರ ಲಕ್ಷಣವೆಂದರೆ, ತಣ್ಣೀರು ಮುಟ್ಟಿದರೆ ಸುಟ್ಟಂತಾಗುವುದು. ಇದಕ್ಕೆ ನೇರವಾದ ಪ್ರತಿವಿಷವಿಲ್ಲ. ವೈದ್ಯರು ಲಕ್ಷಣಗಳನ್ನು ನೋಡಿ ಚಿಕಿತ್ಸೆ ಮಾಡುತ್ತಾರೆ. ಜುಮುಜುಮು ಕೆಲವರಿಗೆ ವಾರಗಟ್ಟಲೆ, ತಿಂಗಳುಗಟ್ಟಲೆ ಉಳಿಯುತ್ತದೆ. ಆ ಅವಧಿಯಲ್ಲಿ ಮೀನನ್ನೂ ಮದ್ಯವನ್ನೂ ದೂರವಿಡಬೇಕು. ಅವುಗಳಿಂದ ಬಾಧೆ ಮರುಕಳಿಸುವುದುಂಟು.

ಪೆಸಿಫಿಕ್ ದ್ವೀಪಗಳ ಕಾಯಿಲೆಯಿಂದ ನಮಗೇನು ಎಂದು ಯಾರಾದರೂ ಕೇಳಬಹುದು. ಮಂಗಳೂರಿನಲ್ಲಿಯೇ ಈ ವಿಷದಿಂದ ಆಗಿರಬಹುದೆಂದು ಶಂಕಿಸಲಾದ ಪ್ರಕರಣದ ವರದಿ 2016ರಲ್ಲಿ ಪ್ರಕಟವಾಯಿತು. ಅಲ್ಲದೆ ನಮ್ಮವರು ಹಡಗಿನ ಕೆಲಸಕ್ಕೆ, ಲಕ್ಷದ್ವೀಪ ಅಂಡಮಾನುಗಳ ಗುತ್ತಿಗೆ ಕೆಲಸಕ್ಕೆ ಹೋಗುತ್ತಾರೆ. ಅಲ್ಲಿ ಸಂಜೆ ಗಾಳ ಹಾಕಿ ಹಿಡಿದ ದೊಡ್ಡ ಮೀನು ದುಡ್ಡಿಲ್ಲದ ಊಟ. ಆದುದರಿಂದ ಕೆಲವು ನಿಯಮಗಳನ್ನು ನೆನಪಿನಲ್ಲಿಡಿ. ಮೊರೇಯನ್ನು ತಿನ್ನಲೇಬೇಡಿ. ಹವಳದ ದಿಬ್ಬದ ಬೇರೆ ದೊಡ್ಡ ಬೇಟೆಮೀನುಗಳನ್ನೂ ಆದಷ್ಟು ಬಿಡಿ. ಅವುಗಳ ತಲೆ, ಕರುಳು, ಪಿತ್ತಜನಕಾಂಗ, ಮೊಟ್ಟೆಗಳನ್ನು ಸುತರಾಂ ತಿನ್ನಬೇಡಿ. ಸ್ಥಳೀಯರು ತಿನ್ನದ ಮೀನನ್ನು ನೀವೂ ತಿನ್ನಬೇಡಿ. ಮೀನೂಟದ ನಂತರ ಮೇಲಿನ ಲಕ್ಷಣಗಳು ಕಂಡರೆ ಆಸ್ಪತ್ರೆಗೆ ಹೋಗಿ, ಯಾವ ಮೀನು, ಯಾವಾಗ ತಿಂದಿರೆಂಬುದನ್ನು ವೈದ್ಯರಿಗೆ ಮೊದಲೇ ಹೇಳಿ. ನಮ್ಮ ನಿತ್ಯದ ಬಂಗುಡೆ, ಬೂತಾಯಿಗಳು ಹವಳದ ಬಂಡೆಯ ಬೇಟೆಮೀನುಗಳಲ್ಲ. ಇಲ್ಲಿ ಹೇಳಿದ ವಿಷಕ್ಕೆ ಹೆದರಿ ಅವನ್ನು ಬಿಡಬೇಕಾಗಿಲ್ಲ.

ಮುಕ್ತಾಯ

ಈ ಬರಹದ ಕರಡನ್ನು ಮೊದಲು ಆ ಕುಂದಾಪುರದ ತರುಣನಿಗೇ ಓದಿ ಹೇಳಿದೆ. ಕೊನೆಯ ಭಾಗ ಬಂದಾಗ ಅವನು, "ನಮ್ಮ ಭಾವ ಅಂಡಮಾನಿನಲ್ಲಿದ್ದಾರೆ, ಇದನ್ನು ಅವರಿಗೆ ಕಳುಹಿಸಬೇಕು" ಎಂದ. ಬಾಯ್ದೆರೆದ ಆ ಚಿತ್ರಕ್ಕೆ ಹೆದರಿದ ನಾವೆಲ್ಲರೂ ಊಟದ ತಟ್ಟೆಯ ವಿಷಯವನ್ನು ಯೋಚಿಸಿರಲಿಲ್ಲ. ದೂರದಲ್ಲಿರುವ ಬಂಧುಗಳುಳ್ಳ ಇತರ ವಾಚಕರೂ ಹೀಗೆಯೇ ಮಾಡಿದರೆ ಈ ಪಾಠದ ಶ್ರಮ ಸಾರ್ಥಕ.

ಅಭ್ಯಾಸಕ್ಕೆ ಪ್ರಶ್ನೆಗಳು

1. ಮೊರೇ ಹಾವುಮೀನನ್ನೂ ಕಡಲಹಾವನ್ನೂ ಬೇರೆ ಮಾಡಿ ಗುರುತಿಸಲು ಮೂರು ಲಕ್ಷಣಗಳನ್ನು ಹೇಳಿ.

2. ಮೊರೇ ಸದಾ ಬಾಯಿ ತೆರೆದು ಮುಚ್ಚುತ್ತಿರುವುದೇಕೆ?

3. ಗಂಟಲ ದವಡೆಯ ಉಪಯೋಗವೇನು? ಅದು ಇಕ್ಕಟ್ಟಿನ ವಾಸಕ್ಕೆ ಹೇಗೆ ಹೊಂದುತ್ತದೆ?

4. ಗ್ರೂಪರ್ ಮತ್ತು ಮೊರೇ ಕೂಡಿ ಬೇಟೆಯಾಡುವುದರಿಂದ ಇಬ್ಬರಿಗೂ ಲಾಭ ಹೇಗೆ?

5. ಚಿಕ್ಕ ಮೀನಿಗಿಂತ ದೊಡ್ಡ ಬೇಟೆಮೀನಿನಲ್ಲಿ ಸಿಗ್ವಟಾಕ್ಸಿನ್ ಹೆಚ್ಚಾಗಿರುವುದೇಕೆ?